ಇಡ್ಲಿಯ ಹುಟ್ಟೂರು ಹುಡುಕಿದ ಅಚ್ಚಯ್ಯನವರು



ಭಾನುವಾರ ಬೆಳಗಿನ ಮೊದಲ ಪೂಜೆ ಮುಗಿದ ಮೇಲೆ ನಿಮ್ಮಲ್ಲಿ ಎಷ್ಟೋ ಮಂದಿ ನೇರವಾಗಿ ಮನೆಗೆ ಹೋಗುವುದಿಲ್ಲವೆಂಬುದು ನನಗೆ ಗೊತ್ತು. ಆರ್.ಟಿ. ನಗರದಲ್ಲಾಗಲಿ, ಯಲಹಂಕದಲ್ಲಾಗಲಿ, ದರ್ಶಿನಿಯ ಮುಂದೆ ಮಕ್ಕಳ ಕೈ ಹಿಡಿದು ನಿಂತು ಇಡ್ಲಿ ತಿನ್ನುವ ನಮ್ಮ ಕುಟುಂಬಗಳನ್ನು ಕಂಡಿದ್ದೇನೆ. ಗಾಬರಿಯಾಗಬೇಡಿ, ನಾನೂ ಅಲ್ಲಿಗೆ ತಿನ್ನಲೆಂದೇ ಬಂದಿದ್ದೆ. ಆ ತಟ್ಟೆಯಲ್ಲಿರುವುದು ನಮ್ಮದೇ ಎಂದು ನಾವೆಲ್ಲ ನಂಬಿದ್ದೇವೆ. ಹಾಗೆ ನಂಬದೆ, ಸಾಕ್ಷಿ ಕೇಳಿದ ಒಬ್ಬ ಕನ್ನಡನಾಡಿನ ವ್ಯಕ್ತಿಯ ಬಗ್ಗೆ ಈ ವಾರ ನಿಮಗೆ ಹೇಳಬೇಕೆನಿಸಿತು. ಅವರೇ ಆಹಾರ ಚರಿತ್ರೆಕಾರ ಕೆ.ಟಿ. ಅಚ್ಚಯ್ಯನವರು.

ಕೊಂಗಂಡ ಮನೆತನದ ಕೊಡವರಾದ ಇವರು ಹುಟ್ಟಿದ್ದು 1923ರಲ್ಲಿ, ಕೊಳ್ಳೇಗಾಲದಲ್ಲಿ. ಆಗ ಆ ಊರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಓದಿದ್ದೂ ಮದರಾಸು ವಿಶ್ವವಿದ್ಯಾಲಯದಲ್ಲೇ, ರಸಾಯನಶಾಸ್ತ್ರ. 1943ರಲ್ಲಿ ನಮ್ಮ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಗೆ, ನೀವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗಕ್ಕೆ, ಸಂಶೋಧನೆಗೆ ಬಂದರು. ವಿಷಯ ಹಾಲಿನ ಕೊಬ್ಬು. ಹಸುವಿನ ತುಪ್ಪಕ್ಕೂ ಎಮ್ಮೆಯ ತುಪ್ಪಕ್ಕೂ ಒಳಗಿನ ವ್ಯತ್ಯಾಸವೇನೆಂದು ಅಜ್ಜಿಯರು ಮೂಸಿ ನೋಡಿ ಹೇಳುತ್ತಿದ್ದುದನ್ನು ಇವರು ಪ್ರಯೋಗಶಾಲೆಯಲ್ಲಿ ಹುಡುಕತೊಡಗಿದರು.

1946ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋದರು. ಅಲ್ಲಿದ್ದ ಪ್ರೊಫೆಸರ್ ಹಿಲ್ಡಿಚ್ ಎಣ್ಣೆ ಕೊಬ್ಬುಗಳ ಅಧ್ಯಯನದಲ್ಲಿ ಜಗತ್ತಿಗೇ ಗುರು. ಆದರೆ ಆ ದಿನಗಳ ಇಂಗ್ಲೆಂಡನ್ನು ಸ್ವಲ್ಪ ನೆನೆಸಿಕೊಳ್ಳಿ. ಯುದ್ಧ ಗೆದ್ದ ದೇಶ, ಆದರೆ ಊಟಕ್ಕೆ ಚೀಟಿ. ಯುದ್ಧದ ಕಾಲದಲ್ಲೂ ಇಲ್ಲದ ಬ್ರೆಡ್ ರೇಷನ್ 1946ರ ಜುಲೈಯಲ್ಲಿ ಶುರುವಾಗಿ ಎರಡು ವರ್ಷ ನಡೆಯಿತು. ಬೆಣ್ಣೆ ವಾರಕ್ಕೆ ಕೆಲವೇ ಔನ್ಸು. ಮಾಂಸದ ರೇಷನ್ ತೆಗೆದದ್ದು 1954ರಲ್ಲಿ. ಬೆಣ್ಣೆಯನ್ನು ಅಳೆದು ಕೊಡುವ ಊರಿನಲ್ಲಿ ಕುಳಿತು ಕೊಡಗಿನ ಹುಡುಗನೊಬ್ಬ ಬೆಣ್ಣೆಯ ಮೇಲೆಯೇ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ! ಹಸು ಎಮ್ಮೆಗಳ ಹಾಲಿನ ಕೊಬ್ಬಿನ ಬಗ್ಗೆ ಗುರುಶಿಷ್ಯರಿಬ್ಬರೂ ಸೇರಿ ಬರೆದ ಲೇಖನ 1950ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಆಮೇಲಿನ ಮೂವತ್ತು ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಹೈದರಾಬಾದಿನ ಪ್ರಯೋಗಶಾಲೆಯಲ್ಲಿ ಹರಳೆಣ್ಣೆ, ಹತ್ತಿಬೀಜದ ಎಣ್ಣೆಗಳ ಕೆಲಸ. ಬೊಂಬಾಯಿಯಲ್ಲಿ ಪೌಷ್ಟಿಕ ಆಹಾರದ ಸಂಘವೊಂದರ ಹೊಣೆ. ಕೊನೆಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಅರವತ್ತರ ಸುಮಾರಿಗೆ ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದರು. ಇಲ್ಲಿಗೆ ಮುಗಿದಿದ್ದರೆ ಅವರ ಹೆಸರು ಎಣ್ಣೆ ವಿಜ್ಞಾನಿಗಳಿಗೆ ಮಾತ್ರ ನೆನಪಿರುತ್ತಿತ್ತು.

ನಿವೃತ್ತಿಯಾದ ಮೇಲೆ ಅವರು ಓದಲು ಕುಳಿತರು. ವೇದಗಳು, ಜೈನ ಬೌದ್ಧ ಗ್ರಂಥಗಳು, ಸಂಗಂ ಸಾಹಿತ್ಯ, ಕನ್ನಡದ ಹಳೆಯ ಕೃತಿಗಳು, ಚೀನೀ ಯಾತ್ರಿಕರ ಬರಹ, ಉತ್ಖನನದಲ್ಲಿ ಸಿಕ್ಕ ಸುಟ್ಟ ಕಾಳುಗಳ ವರದಿ. ಎಲ್ಲದರಲ್ಲೂ ಒಂದೇ ಹುಡುಕಾಟ: ಜನ ಏನು ತಿಂದರು? 1990ರಲ್ಲಿ ಎಣ್ಣೆಕಾಳುಗಳ ಚರಿತ್ರೆ, 1993ರಲ್ಲಿ ಎಣ್ಣೆ ಗಾಣದ ಮೇಲೊಂದು ಪುಸ್ತಕ, 1994ರಲ್ಲಿ ಭಾರತೀಯ ಆಹಾರದ ಸಮಗ್ರ ಚರಿತ್ರೆ, 1998ರಲ್ಲಿ ಆಹಾರದ ಐತಿಹಾಸಿಕ ನಿಘಂಟು ಬಂದವು. ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಮನೆಗಳಲ್ಲಿ ಅವರ ಹೆಸರು ಕಡಿಮೆ ಕೇಳಿಸುವುದಕ್ಕೆ ಅದೂ ಒಂದು ಕಾರಣವಿರಬೇಕು.

ಈಗ ಇಡ್ಲಿಗೆ ಬರೋಣ. ಇಡ್ಲಿಯ ಅತಿ ಹಳೆಯ ಹೆಸರು ಸಿಗುವುದು ಕನ್ನಡದಲ್ಲಿ ಎಂದು ಅವರು ತೋರಿಸಿದರು. ಸುಮಾರು 920ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಇದೆ. ಮುಂದೆ ಸುಮಾರು 1025ರಲ್ಲಿ ಚಾವುಂಡರಾಯನ ಲೋಕೋಪಕಾರದಲ್ಲಿ ಮಾಡುವ ಕ್ರಮವೇ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವುದು. 1130ರ ಸುಮಾರಿನ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ಅದರ ಮಾತಿದೆ. ಕನ್ನಡಿಗರಿಗೆ ಎಂಥ ಹೆಮ್ಮೆ! ಆದರೆ ಅಚ್ಚಯ್ಯನವರು ಅಲ್ಲಿಗೆ ಪುಸ್ತಕ ಮುಚ್ಚಲಿಲ್ಲ. ಈ ಮೂರರಲ್ಲೂ ಅಕ್ಕಿಯಿಲ್ಲ, ರಾತ್ರಿಯಿಡೀ ಹುದುಗು ಬರಿಸುವುದಿಲ್ಲ, ಹಬೆಯಲ್ಲಿ ಬೇಯಿಸುವುದೂ ಇಲ್ಲ. ಹಾಗಿದ್ದರೆ ಇದು ನಾವು ತಿನ್ನುವ ಇಡ್ಲಿಯೇ ಎಂದು ಕೇಳಿದರು. ಏಳನೆಯ ಶತಮಾನದಲ್ಲಿ ಬಂದ ಹ್ಯೂಯೆನ್ ತ್ಸಾಂಗ್ ಇಲ್ಲಿ ಹಬೆಯ ಪಾತ್ರೆ ಕಾಣಲಿಲ್ಲವೆಂದು ಬರೆದುದನ್ನೂ ಮುಂದಿಟ್ಟರು. ಇಂಡೋನೇಷ್ಯಾವನ್ನು ಆಳಿದ ಹಿಂದೂ ಅರಸರ ಜೊತೆ ಹೋಗಿಬಂದ ಅಡುಗೆಯವರು ಈ ವಿದ್ಯೆ ತಂದಿರಬಹುದು ಎಂದು ಊಹಿಸಿದರು.

ಈ ಊಹೆಗೆ ಬಹಳ ಆಕ್ಷೇಪಣೆ ಬಂತು. ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಗ್ರಂಥ ಸುಮ್ಮನಿದೆ ಎಂದ ಮಾತ್ರಕ್ಕೆ ವಸ್ತುವೇ ಇರಲಿಲ್ಲ ಎನ್ನಲಾಗದು ಎಂದು ಗುರುಮಠದ ತರ್ಕಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ್ದರು. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದರೂ ಹಬೆ ಸಿಗುತ್ತದೆ; ಅದಕ್ಕೆ ಸಮುದ್ರ ದಾಟಬೇಕೇ? ಅಚ್ಚಯ್ಯನವರ ಸ್ವಂತ ಕೊಡವ ಅಡುಗೆಯಲ್ಲೇ ಹಬೆಯಲ್ಲಿ ಬೆಂದ ಕಡಂಬುಟ್ಟು ಇದೆ, ಅದಿಲ್ಲದೆ ಹಂದಿಕರಿಗೆ ಜೊತೆಯಿಲ್ಲ. ಆದರೂ ಅವರನ್ನು ಕಂಡರೆ ನನಗೆ ಗೌರವ. ತನ್ನ ನಾಡಿಗೆ ಹಿರಿಮೆ ತರುವ ಸಾಕ್ಷಿಯನ್ನು ತಾನೇ ಮುಂದಿಟ್ಟು, ಅದರ ದೌರ್ಬಲ್ಯವನ್ನೂ ತಾನೇ ಹೇಳುವವರು ಎಷ್ಟು ಮಂದಿ ಸಿಗುತ್ತಾರೆ?

ಇಡ್ಲಿಯ ಜೊತೆಗಿರುವುದರ ಬಗ್ಗೆ ಇಂಥ ಅನುಮಾನವಿಲ್ಲ. ಚಟ್ನಿಯ ಹಸಿಮೆಣಸಿನಕಾಯಿ, ಸಾಗುವಿನ ಆಲೂಗೆಡ್ಡೆ, ಸಾರಿನ ಟೊಮ್ಯಾಟೊ ಎಲ್ಲವೂ ಅಮೆರಿಕದ ನೆಲದವು, ಯೂರೋಪಿಯನ್ನರ ಹಡಗಿನಲ್ಲಿ ಇಲ್ಲಿಗೆ ಬಂದವು. ಅದಕ್ಕೆ ಮೊದಲು ನಮ್ಮ ಖಾರವೆಲ್ಲ ಮೆಣಸು, ಹಿಪ್ಪಲಿಗಳದ್ದು. ಹೊಸ ಕಾಯಿ ಬಂದಾಗ ಮೆಣಸಿನ ಹೆಸರನ್ನೇ ಅದಕ್ಕೂ ಕೊಟ್ಟೆವು. ಪುರಂದರದಾಸರ ಹೆಸರಿನಲ್ಲಿರುವ ಮೆಣಸಿನಕಾಯಿಯ ಕೀರ್ತನೆಯೊಂದನ್ನು ಅಚ್ಚಯ್ಯನವರು ಎತ್ತಿ ತೋರಿಸಿದ್ದಾರೆ. ಇಟಲಿಯವರಿಗೂ ಟೊಮ್ಯಾಟೊ, ಐರ್ಲೆಂಡಿನವರಿಗೂ ಆಲೂಗೆಡ್ಡೆ ಹೊರಗಿನಿಂದಲೇ ಬಂದವು. ಅದೇ ದಾರಿಯಲ್ಲಿ ಬಂದ ಇನ್ನೊಂದು ಹಣ್ಣಿಗೆ ಕನ್ನಡ ಪರಂಗಿ ಎಂದೇ ಹೆಸರಿಟ್ಟಿತು. ಪರಂಗಿ ಎಂದರೆ ಪರದೇಶದವನು. ಒಂದು ಕಾಲದಲ್ಲಿ ನಮ್ಮ ಹಿರಿಯರ ವಿಶ್ವಾಸವನ್ನೂ ಪರಂಗಿ ಮತವೆಂದು ಕರೆಯುತ್ತಿದ್ದರೆಂಬುದನ್ನು ನೀವು ಕೇಳಿರಬಹುದು. ಹಣ್ಣನ್ನು ಮಾತ್ರ ಯಾರೂ ಹಿತ್ತಲಿನಿಂದ ಕಿತ್ತುಹಾಕಲಿಲ್ಲ.

2002ರ ಸೆಪ್ಟೆಂಬರ್ 5ರಂದು, 79 ತುಂಬಲು ಒಂದು ತಿಂಗಳಿರುವಾಗ, ಅಚ್ಚಯ್ಯನವರು ತೀರಿಕೊಂಡರು. ಇಡ್ಲಿಯ ವಾದ ಇನ್ನೂ ಬಗೆಹರಿದಿಲ್ಲ.