ಬೆಲ್ಟ್ ಕೊಟ್ಟ ಬೋಲಿನ್
ಕಾರಿನ ಹಿಂದಿನ ಆಸನದಲ್ಲಿ ಬಹುಕಾಲ ನಾನು ಬೆಲ್ಟ್ ಧರಿಸಿದವನಲ್ಲ. ನಿಲ್ಸ್ ಬೋಲಿನ್ ಬದುಕನ್ನು ಓದಿದ ಮೇಲೆ ಆ ಉದಾಸೀನಕ್ಕೆ ನಾಚಿದೆ. 1920ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈ ಎಂಜಿನಿಯರ್, ಸಾಬ್ ಕಂಪನಿಯಲ್ಲಿ ಪೈಲಟ್‌ಗಳನ್ನು ವಿಮಾನದಿಂದ ಹೊರಚಿಮ್ಮಿಸುವ ಆಸನಗಳನ್ನು ರೂಪಿಸುತ್ತಿದ್ದರು. 1958ರಲ್ಲಿ ವೋಲ್ವೊ ಸೇರಿದರು. ಆಗ ಬಳಕೆಯಲ್ಲಿದ್ದ ಸೊಂಟದ ಪಟ್ಟಿ, ವೇಗದ ಡಿಕ್ಕಿಯಲ್ಲಿ ತಾನೇ ಒಳಾಂಗಗಳಿಗೆ ಪೆಟ್ಟು ಕೊಡುತ್ತಿತ್ತು. ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ, ಒಂದೇ ಕೈಯಲ್ಲಿ ಸಿಕ್ಕಿಸಬಹುದಾದ ಮೂರು ಬಿಂದುಗಳ ಬೆಲ್ಟ್ 1959ರಲ್ಲಿ ವೋಲ್ವೊ ಕಾರುಗಳಿಗೆ ಬಂತು. ಪೇಟೆಂಟ್ ಪಡೆದ ಕಂಪನಿ ಅದನ್ನು ಎಲ್ಲ ತಯಾರಕರಿಗೂ ಮುಕ್ತವಾಗಿಟ್ಟಿತು; ವ್ಯಾಪಾರದಲ್ಲಿ ಇದು ಅಪರೂಪವೇ ಸರಿ. ಆದರೂ ಜಗತ್ತು ಸುಲಭವಾಗಿ ನಂಬಲಿಲ್ಲ. 1967ರಲ್ಲಿ 28,000 ಅಪಘಾತಗಳ ಅಧ್ಯಯನವನ್ನೇ ಮುಂದಿಡಬೇಕಾಯಿತು. ಇಂದು ಸುರಕ್ಷತೆ ಜಾಗತಿಕ ಮಾರುಕಟ್ಟೆಯ ಸರಕು. ಹೊಸ ಸಾಧನಗಳು ಹಲವೊಮ್ಮೆ ದುಬಾರಿ ಮಾದರಿಗಳಿಗಷ್ಟೇ ಮೀಸಲು. 2002ರಲ್ಲಿ ತೀರಿಕೊಂಡ ಬೋಲಿನ್ ಅವರ ಬೆಲ್ಟ್ ಮಾತ್ರ ಅಗ್ಗದ ಕಾರಿನಲ್ಲೂ ಇದೆ.