ಗಾಡ್‌ಸ್ಟೋ ಕಡೆಗೆ ಹೊರಟ ದೋಣಿ

ಲೂಯಿಸ್ ಕ್ಯಾರಲ್ ಎಂಬುದು ಕಾವ್ಯನಾಮ. ನಿಜ ಹೆಸರು ಚಾರ್ಲ್ಸ್ ಡಾಡ್ಜ್‌ಸನ್. 1832ರಲ್ಲಿ ಚೆಷೈರ್‌ನ ಡೇರ್ಸ್‌ಬರಿ ಹಳ್ಳಿಯಲ್ಲಿ, ಹನ್ನೊಂದು ಮಕ್ಕಳ ಪಾದ್ರಿ ಮನೆಯಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾದರು. ಮಾತು ತೊದಲುತ್ತಿತ್ತು.

1862ರ ಜುಲೈ 4ರ ಮಧ್ಯಾಹ್ನ ಗೆಳೆಯ ಡಕ್‌ವರ್ತ್ ಜೊತೆ ಸೇರಿ, ಕಾಲೇಜಿನ ಮುಖ್ಯಸ್ಥರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಥೇಮ್ಸ್ ನದಿಯಲ್ಲಿ ಗಾಡ್‌ಸ್ಟೋ ಹಳ್ಳಿಯತ್ತ ಹುಟ್ಟು ಹಾಕಿದರು. ದಡದಲ್ಲಿ ಚಹಾ, ದಾರಿಯಲ್ಲಿ ಕಥೆ. ಹತ್ತು ವರ್ಷದ ಆಲಿಸ್ ಅದನ್ನು ಬರೆದುಕೊಡಲೇಬೇಕೆಂದು ಹಠ ಹಿಡಿದಳು. ಒಳ್ಳೆ ಬಿಸಿಲಿತ್ತೆಂದು ಹೋದವರು ನೆನೆದರು. ಹವಾಮಾನದ ದಾಖಲೆ ಮಾತ್ರ ತಂಪು, ಮೋಡ ಎನ್ನುತ್ತದೆ. ನಾನಂತೂ ಹೋದವರ ಪರ.

ಮರುವರ್ಷದ ಜೂನ್‌ನಲ್ಲಿ ಆ ಮನೆಯ ಒಡನಾಟ ಮುರಿಯಿತು. ಆ ದಿನಗಳ ದಿನಚರಿಯ ಹಾಳೆಯನ್ನು ಯಾರೋ ಕತ್ತರಿಸಿದ್ದಾರೆ. ವಿಹಾರ ನಿಂತರೂ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಲಿಲ್ಲ. 37 ಚಿತ್ರಗಳನ್ನು ತಾವೇ ಬಿಡಿಸಿ, 1864ರ ನವೆಂಬರ್‌ನಲ್ಲಿ ಕೈಬರಹದ ಪುಸ್ತಕವನ್ನು ಆಲಿಸ್‌ಗೆ ಕಳಿಸಿಕೊಟ್ಟರು. ಅದೇ ಬೆಳೆದು 1865ರಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಆಗಿ ಅಚ್ಚಾಯಿತು.

ಮದುವೆಯಾಗದೆ ಉಳಿದ ಅವರು 1898ರಲ್ಲಿ ಗಿಲ್ಡ್‌ಫರ್ಡ್‌ನಲ್ಲಿ ತೀರಿಕೊಂಡರು. ಗಂಡನನ್ನು ಕಳೆದುಕೊಂಡ ಆಲಿಸ್ 1928ರಲ್ಲಿ ಹಸ್ತಪ್ರತಿಯನ್ನು ಹರಾಜಿಗಿಟ್ಟರು. 15,400 ಪೌಂಡಿಗೆ ಮಾರಾಟವಾಗಿ ಅಮೆರಿಕ ಸೇರಿದ ಅದು 1948ರಲ್ಲಿ ಲಂಡನ್ನಿಗೆ ಮರಳಿತು.