ಪಂಚಾಕ್ಷರ ಗವಾಯಿಗಳು: ಗಾಯನ, ಬೋಧನೆ, ದಾಸೋಹ

ದಾವಣಗೆರೆಯಂತಹ ಊರಿನ ಇಂದಿನ ತಲೆಮಾರಿನ ಬಹುಪಾಲು ಜನರಿಗೆ ಪಂಚಾಕ್ಷರ ಗವಾಯಿಗಳ ಪರಿಚಯವಾದದ್ದು ಚಲನಚಿತ್ರದ ಮೂಲಕ. ಈ ಊರಿನ ರಂಗಪರಂಪರೆಯ ಮನೆತನಕ್ಕೆ ಸೇರಿದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ, 1995ರ ಆ ಚಿತ್ರವು ಸಂಗೀತ ನಿರ್ದೇಶನ ಹಾಗೂ ಹಿನ್ನೆಲೆ ಗಾಯನಗಳಿಗೆ ರಾಷ್ಟ್ರಪ್ರಶಸ್ತಿಗಳನ್ನು ತಂದಿತು. ಗವಾಯಿಗಳನ್ನು ಕುರಿತ ಬರವಣಿಗೆಯಲ್ಲಿ ಭಕ್ತಿಯ ಪಾಲೇ ಹೆಚ್ಚು. ಅವರನ್ನು ಯೋಗಿಯೆಂದು ಕೊಂಡಾಡುವ ಭರದಲ್ಲಿ, ಅವರು ಕಟ್ಟಿದ ಶಿಕ್ಷಣಕ್ರಮವು ವಿದ್ವಾಂಸರ ಗಮನದಿಂದ ಜಾರಿದೆ ಎಂದೇ ಹೇಳಬೇಕಾಗುತ್ತದೆ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅವರ ಮೊದಲ ಹೆಸರು ಗದಿಗೆಯ್ಯ. ಅವರೂ ಸೋದರ ಗುರುಬಸಯ್ಯನೂ ಅಂಧರು. ಬಾಲಕರ ಕಂಠಸಿರಿಯನ್ನು ಗುರುತಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅವರ ಪಾಲನೆ ಹಾಗೂ ಸಂಗೀತ ಶಿಕ್ಷಣದ ಹೊಣೆ ಹೊತ್ತರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ ಮುಂದೆ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಸಿಸಿದರು. ಉತ್ತರ ಕರ್ನಾಟಕವು ಹಿಂದುಸ್ತಾನಿ ಪದ್ಧತಿಯತ್ತ ವಾಲುತ್ತಿದ್ದ ಕಾಲದಲ್ಲಿ ಎರಡನ್ನೂ ಬಲ್ಲ ಗುರುವೊಬ್ಬರು ದೊರೆತದ್ದು ಸಣ್ಣ ಸಂಗತಿಯಲ್ಲ.

ಅವರು ನಡೆಸಿದ್ದು ಸಂಚಾರಿ ಪಾಠಶಾಲೆ. ಅಂಧರು, ಅನಾಥರು, ಬಡವರು ಎಂಬ ಅರ್ಹತೆಯ ಹೊರತು ಅಲ್ಲಿ ಜಾತಿಯನ್ನಾಗಲಿ ಶುಲ್ಕವನ್ನಾಗಲಿ ಕೇಳುತ್ತಿರಲಿಲ್ಲ. ಗುರುಶಿಷ್ಯರು ಊರಿಂದೂರಿಗೆ ನಡೆದು ಕೀರ್ತನೆ, ಗಾಯನ ನಡೆಸಬೇಕು. ಬಂದ ಕಾಣಿಕೆ, ಭಿಕ್ಷೆಯ ಕಾಳುಕಡಿಗಳಿಂದಲೇ ಮರುದಿನದ ಒಲೆ ಉರಿಯಬೇಕು. ಕಛೇರಿಯಿಂದ ಹೆಸರು ಗಳಿಸಿ ಆನಂತರ ಶಿಷ್ಯರನ್ನು ಸೇರಿಸಿಕೊಳ್ಳುವುದು ಸಂಗೀತಗಾರರ ವಾಡಿಕೆ. ಇಲ್ಲಿ ಪಾಠಕ್ಕಾಗಿಯೇ ಕಛೇರಿ ನಡೆಯುತ್ತಿತ್ತು. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ಬಳಿಕ ಈ ಭಾರವೆಲ್ಲ ಗವಾಯಿಗಳ ಹೆಗಲಿಗೇ ಬಿತ್ತು. ಅಲೆದಾಟಕ್ಕೆ ನೆಲೆ ಸಿಕ್ಕಿದ್ದು ಗದಗಿನಲ್ಲಿ, ಬಸರಿಗಿಡದ ವೀರಪ್ಪನವರ ಆಶ್ರಯದಿಂದ. ಅದೇ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಗವಾಯಿಗಳು ಅಗಲಿದರು.

ಪುಟ್ಟರಾಜ ಗವಾಯಿ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರ ಪ್ರಸಿದ್ಧ ಶಿಷ್ಯರು. ರಾಜಗುರು ಅವರು ಮುಂದೆ ಬೇರೆ ಉಸ್ತಾದರಲ್ಲಿಯೂ ಕಲಿತರು. ಆದರೂ ಖ್ಯಾಲಿನ ಜೊತೆಗೆ ವಚನ, ನಾಟ್ಯಗೀತೆಗಳನ್ನೂ ಸಮಾನ ಗೌರವದಿಂದ ಹಾಡಿದ ಅವರ ಬಗೆಯಲ್ಲಿ ಈ ಪಾಠಶಾಲೆಯ ಗುರುತನ್ನು ಕಾಣಬಹುದು. ಆದರೆ ಈ ಮೂವರ ಹೆಸರು ಹೇಳಿ ಮುಗಿಸುವುದು ಸರಿಯಲ್ಲ. ಈ ಪರಂಪರೆಯಲ್ಲಿ ಹಾರ್ಮೋನಿಯಂ, ತಬಲಾ, ಪಿಟೀಲು ಕಲಿತವರು ನಾಟಕ ಕಂಪನಿಗಳಲ್ಲಿ, ಶಾಲೆಗಳಲ್ಲಿ, ಮಠದ ಪುರಾಣ ಪ್ರವಚನಗಳಲ್ಲಿ ಅನ್ನ ಕಂಡುಕೊಂಡರು. ಕಣ್ಣಿಲ್ಲದ ಹುಡುಗನಿಗೆ ಬೇಡುವುದೊಂದೇ ದಾರಿಯೆಂದಿದ್ದ ಕಾಲದಲ್ಲಿ ಅವನು ಊರಿನ ಮಾಸ್ತರನಾದ. ಕಛೇರಿಯ ವರದಿಗಳು ಗಾಯಕನನ್ನು ಹೆಸರಿಸಿ ಪಕ್ಕವಾದ್ಯದವನನ್ನು ಬಿಡುವುದುಂಟು. ನಮ್ಮ ಸಂಗೀತ ಚರಿತ್ರೆಯೂ ಇದೇ ತಪ್ಪನ್ನು ಮಾಡಿದೆ.

ಪುಟ್ಟರಾಜರು ಗುರುವಿನ ತರುವಾಯ 2010ರಲ್ಲಿ ತಾವು ತೀರಿಕೊಳ್ಳುವವರೆಗೆ ಆಶ್ರಮವನ್ನು ಮುನ್ನಡೆಸಿದರು. ನಾಟಕ ಕಂಪನಿಯ ಗಳಿಕೆ, ಭಕ್ತರು ನಡೆಸಿದ ತುಲಾಭಾರಗಳ ಕಾಣಿಕೆ ಎಲ್ಲವೂ ಮಕ್ಕಳ ಊಟ, ಪಾಠಗಳಿಗೇ ಸಂದವು.